ಪಾರ್ಕಿನ್ಸನ್‌ಗೆ ಜೀನ್ ಚಿಕಿತ್ಸೆ: ಪ್ರಯೋಗಕ್ಕೆ ಒಪ್ಪುವ ಮೊದಲು

ಅಪ್ಪನ ಆರೈಕೆ ಮಾಡುತ್ತಿರುವವಳಾಗಿ ಹೇಳುತ್ತೇನೆ: ಮೊದಲು ಯಾವ ಜೀನ್, ಮಿದುಳಿನ ಯಾವ ಭಾಗಕ್ಕೆ ಎಂದು ಕೇಳಿ. ಉದಾಹರಣೆಗೆ, ಗಾಬಾ ಎಂಬ ಮಿದುಳಿನ ರಾಸಾಯನಿಕವನ್ನು ತಯಾರಿಸುವ ಜಿಎಡಿ ಕಿಣ್ವದ ಜೀನನ್ನು, ಜೀನ್ ಸಾಗಿಸುವ ವಾಹನವಾಗಿ ಬಳಸುವ ಎಎವಿ ವೈರಸ್ಸಿನಲ್ಲಿಟ್ಟು, ತಲೆಬುರುಡೆಯಲ್ಲಿ ರಂಧ್ರ ಕೊರೆದು, ಚಲನೆಯನ್ನು ನಿಯಂತ್ರಿಸುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಮಿದುಳಿನ ಪುಟ್ಟ ಭಾಗಕ್ಕೆ ಸೇರಿಸುತ್ತಾರೆ. ಅಲ್ಲಿ ತಯಾರಾಗುವ ಗಾಬಾ, ಅತಿಯಾಗಿ ಕೆರಳಿದ ನರಕೋಶಗಳನ್ನು ತಣಿಸಬೇಕೆಂಬುದು ಉದ್ದೇಶ. ಡಿಬಿಎಸ್ (ಮಿದುಳಿನೊಳಗೆ ತಂತಿ ಇಟ್ಟು ವಿದ್ಯುತ್ ಪ್ರಚೋದನೆ ಕೊಡುವ ಚಿಕಿತ್ಸೆ) ಯಂತ್ರವನ್ನು ಆರಿಸಬಹುದು; ಒಳಹೋದ ಜೀನನ್ನು ಹಿಂದಕ್ಕೆ ತೆಗೆಯಲಾಗದು.

ಹುಸಿ ಶಸ್ತ್ರಚಿಕಿತ್ಸೆಯ ಗುಂಪು, ಅಂದರೆ ಹೋಲಿಕೆಗಾಗಿ ಜೀನ್ ಕೊಡದೆ ಶಸ್ತ್ರಚಿಕಿತ್ಸೆಯ ನಟನೆಯನ್ನಷ್ಟೇ ಮಾಡಿದವರ ಗುಂಪು, ಇದೆಯೇ? ಈ ಪ್ರಶ್ನೆಯನ್ನು ಬಿಡಲೇಬೇಡಿ. 2011ರಲ್ಲಿ ಪ್ರಕಟವಾದ ಅಮೆರಿಕದ ಜಿಎಡಿ ಪ್ರಯೋಗದಲ್ಲಿ, ಆರು ತಿಂಗಳಿಗೆ ಚಲನೆಯ ಅಂಕ ಜೀನ್ ಪಡೆದವರಲ್ಲಿ ಶೇ 23.1ರಷ್ಟು ಸುಧಾರಿಸಿತ್ತು, ಹುಸಿ ಶಸ್ತ್ರಚಿಕಿತ್ಸೆಯವರಲ್ಲೂ ಶೇ 12.7ರಷ್ಟು! ನಂಬಬೇಕಾದದ್ದು ಇವೆರಡರ ನಡುವಿನ ಅಂತರವನ್ನು. ನರಕೋಶಗಳನ್ನು ಪೋಷಿಸುವ ನ್ಯೂರ್‌ಟುರಿನ್ ಪ್ರೋಟೀನಿನ ಜೀನ್ ಇಂಥದೇ ಹೋಲಿಕೆಯಲ್ಲಿ ಮುಖ್ಯ ಗುರಿ ತಲುಪಲಿಲ್ಲ.

ಇಂದೇ ದಿನಚರಿ ಶುರುಮಾಡಿ. ನಾನು ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಂದು ಸಾಲು ಬರೆಯುತ್ತೇನೆ: ಪಾರ್ಕಿನ್ಸನ್‌ನ ಮುಖ್ಯ ಔಷಧ ಲೆವೊಡೋಪಾ ಕೊಟ್ಟ ಹೊತ್ತು, ಅಂಗಿಯ ಗುಂಡಿಯನ್ನು ಅಪ್ಪ ತಾವೇ ಹಾಕಿಕೊಂಡರೇ, ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿಕೊಂಡಿತೇ. ಸಂಶೋಧಕರಿಗೂ ಬೇಕಾಗುವುದು ಇಂಥ ವಿವರವೇ.

ಭಾರತದಲ್ಲಾದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಪ್ರಯೋಗದ ಚುಚ್ಚುಮದ್ದಿಗೆ ಹಣ ಕಟ್ಟಿ ಎಂದರೆ ಎದ್ದು ಬನ್ನಿ.