ನಿವೃತ್ತಿಗೆ ವಿದೇಶ: ಕೈಗೆಟುಕುವ ದೇಶವನ್ನು ಆರಿಸುವ ಬಗೆ

ನಿವೃತ್ತರು ಕಡಿಮೆ ಖರ್ಚಿನಲ್ಲಿ ನೆಲೆಸಬಹುದಾದ ದೇಶಗಳ ಪಟ್ಟಿಗಳು ವರ್ಷಕ್ಕೊಮ್ಮೆ ಪ್ರಕಟವಾಗುತ್ತವೆ. ಪನಾಮ, ಕೋಸ್ಟರಿಕಾ, ಮೆಕ್ಸಿಕೊ, ಪೋರ್ಚುಗಲ್, ಥಾಯ್ಲೆಂಡ್, ಮಲೇಷ್ಯಾಗಳ ಹೆಸರು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಪಟ್ಟಿಗಳು ಸಾಮಾನ್ಯವಾಗಿ ಲೆಕ್ಕ ಹಾಕುವುದು ಆರೋಗ್ಯವಂತ ದಂಪತಿಯ ಒಂದು ತಿಂಗಳ ಬಾಡಿಗೆ, ದಿನಸಿ ಮತ್ತು ಓಡಾಟದ ಖರ್ಚನ್ನು. ಆದರೆ ಅರವತ್ತನೆಯ ವಯಸ್ಸಿನಲ್ಲಿ ಹೊರಟವರು ಅಲ್ಲಿ ಇಪ್ಪತ್ತೈದು ವರ್ಷ ಬಾಳಬೇಕಾಗಬಹುದು. ಅಷ್ಟು ಕಾಲದಲ್ಲಿ ದೊಡ್ಡ ಕಾಯಿಲೆ ಬರಬಹುದು, ಸಂಗಾತಿ ಅಗಲಬಹುದು, ವೀಸಾ ನಿಯಮ ಬದಲಾಗಬಹುದು, ಪಿಂಚಣಿ ಬರುವ ಹಣದ ಬೆಲೆ ಕುಸಿಯಬಹುದು. ಆದ್ದರಿಂದ ಒಂದು ದೇಶ ನಮಗೆ ಕೈಗೆಟುಕುತ್ತದೆಯೇ ಎಂಬುದನ್ನು ಅಲ್ಲಿ ಎದುರಾಗಬಹುದಾದ ಅತ್ಯಂತ ದುಬಾರಿ ವರ್ಷವನ್ನು ಮುಂದಿಟ್ಟುಕೊಂಡು ತೀರ್ಮಾನಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಕ್ರಮವನ್ನು ಆ ದೃಷ್ಟಿಯಿಂದಲೇ ಇಟ್ಟಿದ್ದೇನೆ.

ದೇಶಗಳ ಹೆಸರನ್ನು ನೋಡುವ ಮೊದಲು ನಿಮ್ಮ ಆದಾಯದ ಹಾಳೆಯೊಂದನ್ನು ಸಿದ್ಧಪಡಿಸಿಕೊಳ್ಳಿ. ಪ್ರತಿ ಮೂಲದಿಂದ ಎಷ್ಟು ಬರುತ್ತದೆ ಎಂಬುದರ ಜೊತೆಗೆ ಅದು ಯಾವ ದೇಶದ ಹಣದಲ್ಲಿ ಬರುತ್ತದೆ, ಬೆಲೆ ಏರಿದಂತೆ ಹೆಚ್ಚುತ್ತದೆಯೇ, ನೀವು ವಾಸಸ್ಥಳ ಬದಲಿಸಿದರೂ ಹಾಗೆಯೇ ಮುಂದುವರಿಯುತ್ತದೆಯೇ ಎಂಬುದನ್ನೂ ಬರೆದಿಡಿ. ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಬ್ರಿಟನ್ನಿನ ಸರ್ಕಾರಿ ಪಿಂಚಣಿಯನ್ನೇ ನೋಡಿ: ಪಿಂಚಣಿದಾರರು ಫಿಲಿಪ್ಪೀನ್ಸ್‌ನಲ್ಲಿ ನೆಲೆಸಿದರೆ ಪ್ರತಿ ವರ್ಷದ ಏರಿಕೆ ಅವರಿಗೆ ಸಿಗುತ್ತದೆ, ಥಾಯ್ಲೆಂಡ್, ಆಸ್ಟ್ರೇಲಿಯಾ ಅಥವಾ ಕೆನಡಾದಲ್ಲಿ ನೆಲೆಸಿದರೆ ಮೊತ್ತ ಮೊದಲ ದಿನ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತದೆ. ಇಪ್ಪತ್ತು ವರ್ಷಗಳಲ್ಲಿ ಈ ಒಂದು ವ್ಯತ್ಯಾಸವೇ ಬಾಡಿಗೆಯ ಉಳಿತಾಯವನ್ನೆಲ್ಲ ನುಂಗಿಹಾಕಬಲ್ಲದು.

ವಿನಿಮಯ ದರದ ಪೆಟ್ಟು ಎಷ್ಟು ಜೋರಾಗಿರಬಹುದು ಎಂಬುದಕ್ಕೆ ಥಾಯ್ಲೆಂಡಿನ ಲೆಕ್ಕವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಅಲ್ಲಿ ನಿವೃತ್ತಿಯ ಆಧಾರದ ಮೇಲೆ ಉಳಿಯಬೇಕಾದರೆ 50 ವರ್ಷ ತುಂಬಿರಬೇಕು. ತಿಂಗಳಿಗೆ 65,000 ಬಾತ್ ಆದಾಯವನ್ನಾದರೂ ಬ್ಯಾಂಕಿನಲ್ಲಿ 8,00,000 ಬಾತ್ ಇರುವುದನ್ನಾದರೂ ತೋರಿಸಬೇಕು. 2005ರ ಸುಮಾರಿಗೆ ಒಂದು ಪೌಂಡಿಗೆ 70 ಬಾತ್‌ಗೂ ಹೆಚ್ಚು ಸಿಗುತ್ತಿತ್ತು, ಅಂದರೆ ತಿಂಗಳಿಗೆ 1,000 ಪೌಂಡ್ ಪಿಂಚಣಿ ಇದ್ದವರು ಆದಾಯದ ಷರತ್ತನ್ನು ಸುಲಭವಾಗಿ ದಾಟುತ್ತಿದ್ದರು. 2019ರ ಕೊನೆಯ ಹೊತ್ತಿಗೆ ದರ ಸುಮಾರು 40 ಬಾತ್‌ಗೆ ಇಳಿದಿತ್ತು. ಅದೇ ಪಿಂಚಣಿ ಆಗ 40,000 ಬಾತ್ ಮಾತ್ರ. ಆದಾಯದ ದಾರಿ ಮುಚ್ಚಿದ ಮೇಲೆ ಉಳಿಯುವುದು ಠೇವಣಿಯ ದಾರಿ. ಅಲ್ಲಿಯೂ 2019ರಿಂದ ಬಿಗಿಯಾದ ನಿಯಮವಿದೆ: ವಾರ್ಷಿಕ ವಿಸ್ತರಣೆಗೆ ಅರ್ಜಿ ಹಾಕುವ ಎರಡು ತಿಂಗಳ ಮೊದಲಿನಿಂದ ಮಂಜೂರಾದ ಮೂರು ತಿಂಗಳವರೆಗೆ ಪೂರ್ತಿ ಮೊತ್ತ ಖಾತೆಯಲ್ಲಿರಬೇಕು, ಉಳಿದ ತಿಂಗಳುಗಳಲ್ಲಿ ಅದು 4,00,000 ಬಾತ್‌ಗಿಂತ ಕೆಳಗಿಳಿಯಬಾರದು. ಆಸ್ಪತ್ರೆಗೆ ಸೇರಬೇಕಾಗಿ ಬಂದಾಗ ಕೈಹಾಕಲಾಗದ ಹಣವನ್ನು ಆಪತ್ತಿನ ನಿಧಿಯೆಂದು ಎಣಿಸುವಂತಿಲ್ಲ. ಅದಕ್ಕೆಂದೇ ಬೇರೆ ಮೊತ್ತ ಬೇಕು. ಯಾವ ದೇಶವನ್ನು ಪರಿಶೀಲಿಸುವಾಗಲೂ ನಿಮ್ಮ ಆದಾಯದಲ್ಲಿ ಕಾಲು ಭಾಗ ಕಡಿತವಾದರೆ ವೀಸಾ ಷರತ್ತು ಪೂರೈಸುತ್ತದೆಯೇ, ಬದುಕು ಸಾಗುತ್ತದೆಯೇ ಎಂದು ಹೀಗೆಯೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಸಾಗುವುದಿಲ್ಲ ಎಂದಾದರೆ ಆ ದೇಶವನ್ನು ಅಲ್ಲಿಗೇ ಕೈಬಿಡುವುದು ಲೇಸು.

ಪನಾಮ, 2000ದಿಂದ ಎಕ್ವಡಾರ್, 2001ರಿಂದ ಎಲ್ ಸಾಲ್ವಡಾರ್ ಅಮೆರಿಕದ ಡಾಲರನ್ನೇ ಬಳಸುತ್ತಿವೆ. ಡಾಲರಿನಲ್ಲಿ ಪಿಂಚಣಿ ಪಡೆಯುವವರಿಗೆ ಅಲ್ಲಿ ವಿನಿಮಯದ ಚಿಂತೆ ಇರುವುದಿಲ್ಲ. ಬೇರೆ ಹಣದಲ್ಲಿ ಆದಾಯ ಇರುವವರಿಗೆ ಈ ಅನುಕೂಲ ಅನ್ವಯಿಸುವುದಿಲ್ಲ.

ಮುಂದಿನದು ವಾಸದ ಪರವಾನಗಿ. ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಪರವಾನಗಿ ಪಡೆಯುವುದು ಎಷ್ಟು ಸುಲಭ ಎನ್ನುವುದಕ್ಕಿಂತ ಅದು ಎಷ್ಟು ಕಾಲ ನಿಲ್ಲುತ್ತದೆ ಎನ್ನುವುದು. ಪನಾಮದ ಪಿಂಚಣಿದಾರರ ವೀಸಾಕ್ಕೆ ತಿಂಗಳಿಗೆ 1,000 ಡಾಲರಿನ ಆಜೀವ ಪಿಂಚಣಿ ಇದ್ದರೆ ಸಾಕು, ಅದರಿಂದ ಸಿಗುವುದು ಶಾಶ್ವತ ವಾಸದ ಹಕ್ಕು. ಜೊತೆಗೆ ವಿಮಾನದ ಟಿಕೆಟ್, ಔಷಧಿ ಮುಂತಾದವುಗಳ ಮೇಲೆ ನಿವೃತ್ತರಿಗೆ ಕಾನೂನುಬದ್ಧ ರಿಯಾಯಿತಿಯೂ ಇದೆ. ಮೆಕ್ಸಿಕೊದಲ್ಲಿ ನಾಲ್ಕು ವರ್ಷಗಳ ತಾತ್ಕಾಲಿಕ ವಾಸದ ನಂತರ ಶಾಶ್ವತ ಪರವಾನಗಿಗೆ ಹೋಗಬಹುದು. ಥಾಯ್ಲೆಂಡಿನಲ್ಲಾದರೋ ಎಪ್ಪತ್ತೈದರ ವಯಸ್ಸಿನಲ್ಲೂ ವರ್ಷ ವರ್ಷ ನವೀಕರಣಕ್ಕೆ ಓಡಾಡಬೇಕು, 90 ದಿನಗಳಿಗೊಮ್ಮೆ ವಲಸೆ ಇಲಾಖೆಗೆ ವಿಳಾಸವನ್ನು ವರದಿ ಮಾಡಬೇಕು. ವಿಯೆಟ್ನಾಂ ಅಗ್ಗವೆಂದು ಹೆಸರಾಗಿದ್ದರೂ ಅಲ್ಲಿ ನಿವೃತ್ತಿಗೆಂದೇ ಮೀಸಲಾದ ವೀಸಾ ಇಲ್ಲ.

ಆದಾಯದ ಮಿತಿ ಯಾವುದಕ್ಕೆ ಜೋಡಣೆಯಾಗಿದೆ ಎಂಬುದನ್ನೂ ಕೇಳಿ ತಿಳಿಯಬೇಕು. ಪಿಂಚಣಿಯಂಥ ನಿಯಮಿತ ಆದಾಯ ಇರುವವರಿಗೆ ಪೋರ್ಚುಗಲ್ ಕೊಡುವ ಡಿ7 ವೀಸಾದ ಮಿತಿಗೆ ಆ ದೇಶದ ಕನಿಷ್ಠ ವೇತನವೇ ಆಧಾರ. ಆ ವೇತನ 2015ರಲ್ಲಿ ತಿಂಗಳಿಗೆ 505 ಯೂರೊ ಇದ್ದದ್ದು 2025ರಲ್ಲಿ 870 ಯೂರೊ ಆಯಿತು. ದುಡಿಯುವವರಿಗೆ ಇದು ನ್ಯಾಯವಾದ ಏರಿಕೆಯೇ. ಆದರೆ ಸ್ಥಿರ ಪಿಂಚಣಿ ನಂಬಿದವರು ಮಿತಿ ತಮ್ಮ ಆದಾಯವನ್ನು ದಾಟಿಹೋಗುವ ಸಾಧ್ಯತೆಯನ್ನು ಮೊದಲೇ ಎಣಿಸಿರಬೇಕು. ನಿಯಮಗಳ ಹಿಂದಿನ ಚರಿತ್ರೆಯನ್ನು ಓದುವುದು ಇನ್ನೂ ಮುಖ್ಯ. ಮಲೇಷ್ಯಾ 2002ರಲ್ಲಿ ಆರಂಭಿಸಿದ ‘ಮಲೇಷ್ಯಾ ಮೈ ಸೆಕೆಂಡ್ ಹೋಮ್’ ಯೋಜನೆಯನ್ನು 2020ರಲ್ಲಿ ನಿಲ್ಲಿಸಿತು. 2021ರಲ್ಲಿ ಮತ್ತೆ ತೆರೆದಾಗ ತಿಂಗಳ ಆದಾಯದ ಮಿತಿ 10,000 ರಿಂಗಿಟ್‌ನಿಂದ 40,000 ರಿಂಗಿಟ್‌ಗೆ ಏರಿತ್ತು. 2024ರಲ್ಲಿ ಯೋಜನೆಯನ್ನು ಮತ್ತೆ ತಿದ್ದಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ವಿಂಗಡಿಸಲಾಯಿತು, ಬೆಳ್ಳಿ ವರ್ಗದ ಠೇವಣಿಯೇ 1,50,000 ಡಾಲರ್. ನಾಲ್ಕು ವರ್ಷಗಳಲ್ಲಿ ಇಷ್ಟು ಬದಲಾದ ನಿಯಮ ಮುಂದೆ ಬದಲಾಗದು ಎಂದು ನಂಬಲು ಕಾರಣವಿಲ್ಲ. ಅರ್ಜಿ ಹಾಕುವ ಮೊದಲು ಆಯಾ ದೇಶದ ದೂತಾವಾಸದಲ್ಲಿ ಅಂದಿನ ನಿಯಮವನ್ನು ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳಿ.

ಆರೋಗ್ಯದ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ದುಬಾರಿ ವರ್ಷ ಎನ್ನುವುದು ಬಹುತೇಕ ಆಸ್ಪತ್ರೆಯ ವರ್ಷವೇ ಆಗಿರುತ್ತದೆ. ತಾಯ್ನಾಡಿನ ಸೌಲಭ್ಯ ಹೊರದೇಶಕ್ಕೆ ಬೆನ್ನಹಿಂದೆ ಬರುವುದಿಲ್ಲ: ಅಮೆರಿಕದಲ್ಲಿ ವೃದ್ಧರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಹೊರದೇಶದ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹೊಸ ದೇಶದ ಸಾರ್ವಜನಿಕ ವ್ಯವಸ್ಥೆಗೆ ನಿಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ ಎಂಬುದು ಮೊದಲ ಪ್ರಶ್ನೆ. ಕೋಸ್ಟರಿಕಾದಲ್ಲಿ ವಾಸದ ಪರವಾನಗಿ ಪಡೆದವರು ‘ಕಾಹಾ’ ಎಂದು ಕರೆಯಲಾಗುವ ಸಾಮಾಜಿಕ ಭದ್ರತಾ ಸಂಸ್ಥೆಗೆ ಸೇರಿ ಆದಾಯಕ್ಕೆ ತಕ್ಕ ವಂತಿಗೆ ಕಟ್ಟುವುದು ಕಡ್ಡಾಯ. ಖಾಸಗಿ ವಿಮೆ ಸಿಗದ ವಯಸ್ಸಿನವರಿಗೆ ಈ ಕಡ್ಡಾಯವೇ ದೊಡ್ಡ ರಕ್ಷಣೆ. ಖಾಸಗಿ ವಿಮೆಯನ್ನೇ ನಂಬಬೇಕಾದ ದೇಶದಲ್ಲಿ ಇಂದಿನ ಕಂತನ್ನು ಕೇಳಿ ಸುಮ್ಮನಾಗಬೇಡಿ. ಅದೇ ಕಂಪನಿಯ 70, 75 ಮತ್ತು 80ರ ವಯಸ್ಸಿನ ಕಂತಿನ ಪಟ್ಟಿಯನ್ನು ಕೇಳಿ ಪಡೆಯಿರಿ, ಹೊಸದಾಗಿ ಸೇರಲು ಗರಿಷ್ಠ ವಯಸ್ಸೆಷ್ಟು, ಆಜೀವ ನವೀಕರಣದ ಖಾತರಿ ಪಾಲಿಸಿಯಲ್ಲಿ ಬರವಣಿಗೆಯಲ್ಲಿದೆಯೇ, ಈಗಾಗಲೇ ಇರುವ ರಕ್ತದೊತ್ತಡ, ಮಧುಮೇಹಗಳನ್ನು ಹೊರಗಿಡುತ್ತಾರೆಯೇ ಎಂದು ನೋಡಿ.

ನೀವು ನೆಲೆಸಬೇಕೆಂದಿರುವ ಊರಿಗೆ ಹೋದಾಗ ಒಂದು ಕೆಲಸವನ್ನು ತಪ್ಪದೆ ಮಾಡಿ. ಅಲ್ಲಿನ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಹೋಗಿ, ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಶಸ್ತ್ರಚಿಕಿತ್ಸೆಗೆ ಅಂದಾಜು ವೆಚ್ಚ ಎಷ್ಟು, ದಾಖಲಿಸಿಕೊಳ್ಳುವ ಮೊದಲು ಎಷ್ಟು ಮುಂಗಡ ಕಟ್ಟಬೇಕು, ವಿಮಾ ಕಂಪನಿಯಿಂದ ನೇರವಾಗಿ ಹಣ ಪಡೆಯುತ್ತಾರೆಯೇ ಅಥವಾ ರೋಗಿಯೇ ಕಟ್ಟಿ ಆಮೇಲೆ ವಸೂಲು ಮಾಡಿಕೊಳ್ಳಬೇಕೇ ಎಂದು ಕೇಳಿ, ಸಾಧ್ಯವಾದರೆ ಲಿಖಿತ ಅಂದಾಜು ಪಡೆಯಿರಿ. ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ಮನೆಗೆ ಬಂದು ನೋಡಿಕೊಳ್ಳುವವರು ಸಿಗುತ್ತಾರೆಯೇ, ಮರೆವಿನ ಕಾಯಿಲೆ ಇರುವವರನ್ನು ಸೇರಿಸಿಕೊಳ್ಳುವ ಆರೈಕೆ ಕೇಂದ್ರ ಹತ್ತಿರದಲ್ಲಿದೆಯೇ ಎಂಬುದನ್ನೂ ವಿಚಾರಿಸಿ. ಆ ಅರ್ಧ ದಿನದಲ್ಲಿ ಸಿಗುವ ತಿಳಿವಳಿಕೆ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಹವಾಮಾನವನ್ನೂ ದೇಹಸ್ಥಿತಿಯ ಕಣ್ಣಿನಿಂದಲೇ ನೋಡಬೇಕು. ಎಕ್ವಡಾರಿನ ಕ್ವೆಂಕಾ ನಗರ ನಿವೃತ್ತರಲ್ಲಿ ಬಹಳ ಜನಪ್ರಿಯ, ಆದರೆ ಅದು ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದಲ್ಲಿದೆ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅಲ್ಲಿ ಮನೆ ಹಿಡಿಯಬಾರದು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡುಗಳ ಬೆಂಕಿಯ ಹೊಗೆ ಕವಿಯುತ್ತದೆ.

ತೆರಿಗೆಯಲ್ಲಿ ಎರಡು ಸಂಗತಿ ತಿಳಿದಿದ್ದರೆ ಉಳಿದುದನ್ನು ಲೆಕ್ಕಪರಿಶೋಧಕರ ಜೊತೆ ಕುಳಿತು ಬಗೆಹರಿಸಿಕೊಳ್ಳಬಹುದು. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ, ಬಹಳ ಕಡೆ 183 ದಿನ, ಒಂದು ದೇಶದಲ್ಲಿ ಉಳಿದರೆ ನೀವು ಅಲ್ಲಿನ ತೆರಿಗೆ ನಿವಾಸಿಯಾಗುತ್ತೀರಿ. ಎರಡನೆಯದಾಗಿ, ಎರಡು ದೇಶಗಳೂ ಒಂದೇ ಆದಾಯಕ್ಕೆ ತೆರಿಗೆ ಹಾಕದಂತೆ ತಡೆಯುವ ಒಪ್ಪಂದಗಳಲ್ಲಿ ಹಲವು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಮಾದರಿಯನ್ನು ಅನುಸರಿಸುತ್ತವೆ. ಅದರಂತೆ ಖಾಸಗಿ ನೌಕರಿಯ ಪಿಂಚಣಿಗೆ ತೆರಿಗೆ ಹಾಕುವುದು ವಾಸಿಸುವ ದೇಶ, ಸರ್ಕಾರಿ ನೌಕರಿಯ ಪಿಂಚಣಿಗೆ ಹಾಕುವುದು ಸಾಮಾನ್ಯವಾಗಿ ಅದನ್ನು ಕೊಡುವ ದೇಶ. ರಿಯಾಯಿತಿಗಳೂ ಇವೆ: ಗ್ರೀಸ್ ಅರ್ಹ ವಿದೇಶಿ ಪಿಂಚಣಿದಾರರಿಗೆ 15 ವರ್ಷಗಳವರೆಗೆ ಶೇ. 7ರ ಏಕದರ ಕೊಡುತ್ತದೆ. ಆದರೆ ರಿಯಾಯಿತಿಯನ್ನೇ ನಂಬಿ ದೇಶ ಆರಿಸಬಾರದು. ಪೋರ್ಚುಗಲ್ 2009ರಲ್ಲಿ ತಂದ ಯೋಜನೆಯಲ್ಲಿ ವಿದೇಶಿ ಪಿಂಚಣಿಗೆ ಹತ್ತು ವರ್ಷ ತೆರಿಗೆಯೇ ಇರಲಿಲ್ಲ. ಇದರಿಂದ ಬೇಸತ್ತ ಫಿನ್ಲೆಂಡ್ ಮತ್ತು ಸ್ವೀಡನ್ ತಮ್ಮ ತೆರಿಗೆ ಒಪ್ಪಂದಗಳನ್ನೇ ರದ್ದುಮಾಡಿದವು, 2020ರಲ್ಲಿ ಹೊಸಬರಿಗೆ ಶೇ. 10 ತೆರಿಗೆ ಬಂತು, 2024ರಿಂದ ಹೊಸಬರಿಗೆ ಬಾಗಿಲೇ ಮುಚ್ಚಿತು. ಥಾಯ್ಲೆಂಡ್ ಕೂಡ 2024ರ ಜನವರಿ 1ರಿಂದ ಹೊರಗಿನ ಆದಾಯವನ್ನು ಒಳತರುವ ನಿವಾಸಿಗಳ ಮೇಲಿನ ನಿಯಮವನ್ನು ಬಿಗಿಗೊಳಿಸಿತು.

ಮನೆ ಕೊಳ್ಳುವ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ಮೊದಲ ಎರಡು ವರ್ಷ ಬಾಡಿಗೆ ಮನೆಯಲ್ಲೇ ಇರಿ. ಥಾಯ್ಲೆಂಡ್ ಮತ್ತು ಫಿಲಿಪ್ಪೀನ್ಸ್‌ನಲ್ಲಿ ವಿದೇಶಿಯರು ಸಾಮಾನ್ಯವಾಗಿ ಜಮೀನಿನ ಒಡೆಯರಾಗುವಂತಿಲ್ಲ, ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲೂ ವಿದೇಶಿಯರ ಪಾಲಿಗೆ ಕ್ರಮವಾಗಿ ಶೇ. 49 ಮತ್ತು ಶೇ. 40ರ ಮಿತಿಯಿದೆ. ಮೆಕ್ಸಿಕೊದಲ್ಲಿ ಕರಾವಳಿಯಿಂದ 50 ಕಿಲೋಮೀಟರ್, ಗಡಿಯಿಂದ 100 ಕಿಲೋಮೀಟರ್ ಒಳಗಿನ ಆಸ್ತಿಯನ್ನು ವಿದೇಶಿಯರು ಬ್ಯಾಂಕ್ ಟ್ರಸ್ಟ್ (ಒಡೆತನ ಬ್ಯಾಂಕಿನ ಹೆಸರಿನಲ್ಲಿ, ಬಳಸುವ ಹಕ್ಕು ಕೊಂಡವರದು) ಮೂಲಕವೇ ಹೊಂದಬೇಕು. ಸ್ಥಳೀಯರ ಹೆಸರಿನಲ್ಲಿ ಜಮೀನು ಕೊಳ್ಳಿ ಎಂದು ಹೇಳುವವರ ಮಾತಿಗೆ ಯಾವ ಕಾರಣಕ್ಕೂ ಕಿವಿಗೊಡಬೇಡಿ. ವ್ಯಾಜ್ಯ ಬಂದರೆ ಕಾನೂನು ನಿಮ್ಮ ಪರ ನಿಲ್ಲುವುದಿಲ್ಲ.

ಪಟ್ಟಿ ಎರಡು ದೇಶಗಳಿಗೆ ಇಳಿದ ಮೇಲೆ ಪ್ರಯೋಗವಾಸ ಮಾಡಿ. ಅಲ್ಲಿನ ಅತ್ಯಂತ ಕೆಟ್ಟ ಋತುವಿನಲ್ಲಿ, ಪ್ರವಾಸಿಗರಿಲ್ಲದ ಬಡಾವಣೆಯಲ್ಲಿ, ಕನಿಷ್ಠ ಮೂರು ತಿಂಗಳು ಇದ್ದು, ಮೊದಲೇ ಹಾಕಿಕೊಂಡ ಬಜೆಟ್ಟಿನೊಳಗೇ ಬದುಕಿ ನೋಡಿ. ಸ್ಥಳೀಯ ಭಾಷೆಯಲ್ಲಿ ಔಷಧಿ ಅಂಗಡಿಯವರ ಜೊತೆ ಮಾತನಾಡಲು ನಿಮಗೆ ಸಾಧ್ಯವೇ, ವಾಹನ ಓಡಿಸದೆ ಎಲ್ಲ ಕೆಲಸ ಮುಗಿಯುತ್ತದೆಯೇ, ದಂಪತಿಯಲ್ಲಿ ಒಬ್ಬರೇ ಉಳಿದರೆ ಮಾತಿಗೆ ಜನ ಸಿಗುತ್ತಾರೆಯೇ ಎಂಬುದು ಆಗಲೇ ತಿಳಿಯುತ್ತದೆ.

ಒಬ್ಬರೇ ಉಳಿಯುವ ಸಾಧ್ಯತೆಯನ್ನು ಕಾಗದಪತ್ರಗಳಲ್ಲೂ ಎದುರಿಸಬೇಕು. ಪಿಂಚಣಿದಾರರು ತೀರಿಕೊಂಡರೆ ಅವಲಂಬಿತ ಸಂಗಾತಿಯ ವೀಸಾ ಏನಾಗುತ್ತದೆ ಎಂದು ಸ್ಪಷ್ಟವಾಗಿ ಕೇಳಿ. ವಿವಾಹ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರ, ಪಿಂಚಣಿ ಪತ್ರಗಳಿಗೆ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿಯೆಂದು ಹೊರದೇಶದಲ್ಲಿ ಒಪ್ಪುವಂತೆ ಸರ್ಕಾರ ಹಾಕುವ ಮುದ್ರೆ) ಹಾಕಿಸಿ ಹೆಚ್ಚುವರಿ ಪ್ರತಿಗಳನ್ನು ಇಟ್ಟುಕೊಳ್ಳಿ. ಐರೋಪ್ಯ ಒಕ್ಕೂಟದ ಬಹುತೇಕ ದೇಶಗಳಲ್ಲಿ 2015ರ ಆಗಸ್ಟ್ 17ರಿಂದ ಜಾರಿಯಲ್ಲಿರುವ ನಿಯಮದಂತೆ, ಮೃತರು ರೂಢಿಯಾಗಿ ವಾಸವಿದ್ದ ದೇಶದ ಉತ್ತರಾಧಿಕಾರ ಕಾನೂನೇ ಅವರ ಆಸ್ತಿಗೆ ಅನ್ವಯಿಸುತ್ತದೆ. ತಮ್ಮ ಪೌರತ್ವದ ದೇಶದ ಕಾನೂನು ಬೇಕೆನ್ನುವವರು ಅದನ್ನು ಉಯಿಲಿನಲ್ಲಿ ಬರೆದಿರಬೇಕು.

ಕೊನೆಯದಾಗಿ ಮರಳುವ ನಿಧಿ. ಇಬ್ಬರ ವಿಮಾನದ ಟಿಕೆಟ್, ತಾಯ್ನಾಡಿನಲ್ಲಿ ಆರು ತಿಂಗಳ ಬಾಡಿಗೆ ಮತ್ತು ಮನೆಖರ್ಚು, ಅಲ್ಲಿನ ಆರೋಗ್ಯ ಸೌಲಭ್ಯ ಮತ್ತೆ ಆರಂಭವಾಗುವವರೆಗಿನ ಚಿಕಿತ್ಸೆಯ ಖರ್ಚು ಇಷ್ಟನ್ನು ಕೂಡಿಸಿ, ಆ ಮೊತ್ತವನ್ನು ತಾಯ್ನಾಡಿನ ಬ್ಯಾಂಕಿನಲ್ಲೇ ಸಂಗಾತಿಯೊಂದಿಗಿನ ಜಂಟಿ ಖಾತೆಯಲ್ಲಿ ಇಡಿ. ವೀಸಾಕ್ಕಾಗಿ ಇಟ್ಟ ಠೇವಣಿಯನ್ನು ಇದರಲ್ಲಿ ಸೇರಿಸಬೇಡಿ. ಅದನ್ನು ಬಿಡಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು, ಮರಳಬೇಕಾದ ಅಗತ್ಯವಾದರೋ ಸಾಮಾನ್ಯವಾಗಿ ವಾರದೊಳಗಿನದು.