ರಾತ್ರಿ ಉಳಿದ ಕೋಳಿಯನ್ನು ಏರ್ ಫ್ರೈಯರ್‌ನಲ್ಲಿ ಬಿಸಿ ಮಾಡುವುದು ಹೀಗೆ

ನಮ್ಮದು ಆಲ್ದೂರಿನ ಹತ್ತಿರ ಮೂರು ರೂಮಿನ ಸಣ್ಣ ಹೋಂಸ್ಟೇ. ಶನಿವಾರ ರಾತ್ರಿ ಬೆಂಗಳೂರಿನ ಹುಡುಗರು ಕ್ಯಾಂಪ್ ಫೈರ್ ಸುತ್ತ ಕೂತು, ‘ಆಂಟಿ, ಇನ್ನೊಂದು ಕೆಜಿ ಕಬಾಬ್ ಹಾಕಿಬಿಡಿ’ ಅನ್ನುತ್ತಾರೆ. ಹಾಕುತ್ತೇನೆ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ಎಲ್ಲರೂ ಎದ್ದು ರೂಮು ಸೇರುತ್ತಾರೆ. ಬೆಳಗ್ಗೆ ಮುಳ್ಳಯ್ಯನಗಿರಿ ಹತ್ತಬೇಕಲ್ಲ! ಅಡುಗೆಮನೆಯಲ್ಲಿ ಅರ್ಧ ಕೆಜಿ ಕಬಾಬ್, ನಾಲ್ಕು ಸುಟ್ಟ ಲೆಗ್ ಪೀಸ್, ಒಂದು ಬಟ್ಟಲು ಪೆಪ್ಪರ್ ಡ್ರೈ ಹಾಗೇ ಉಳಿಯುತ್ತದೆ. ಅದನ್ನು ಮತ್ತೆ ಅತಿಥಿಗಳಿಗೆ ಬಡಿಸುವುದಿಲ್ಲ. ಭಾನುವಾರ ಅವರು ಹೊರಟ ಮೇಲೆ ಅದು ನಮ್ಮ ಮನೆಯವರ ಊಟ.

ಮೊದಲೆಲ್ಲ ಬಾಣಲೆಯಲ್ಲಿ ಇನ್ನೊಂದು ಸಲ ಕರಿಯುತ್ತಿದ್ದೆ. ಕಬಾಬ್ ಎಣ್ಣೆ ಕುಡಿದು ಕೂರುತ್ತಿತ್ತು. ಮೈಕ್ರೋವೇವ್‌ನಲ್ಲಿಟ್ಟರೆ ಹೊರಗಿನ ಹಿಟ್ಟು ಮಳೆಯಲ್ಲಿ ನೆನೆದ ಹಪ್ಪಳ, ಒಳಗೆ ರಬ್ಬರು. ಎರಡು ವರ್ಷದ ಹಿಂದೆ ತಂಗಿ ಮಗ ಏರ್ ಫ್ರೈಯರ್ ತಂದು, ‘ದೊಡ್ಡಮ್ಮ, ಸುಮ್ನೆ ಒಳಗೆ ಹಾಕಿ ಬಟನ್ ಒತ್ತಿ, ಅಷ್ಟೇ’ ಅಂದ. ಸುಮ್ನೆ ಹಾಕಿ ಬಟನ್ ಒತ್ತಿದೆ. ಲೆಗ್ ಪೀಸು ತೆಂಗಿನ ನಾರಾಯಿತು.

ಹೆಸರಿನಲ್ಲಿ ಫ್ರೈ ಅಂತ ಇದ್ದರೂ ಇದು ಕರಿಯುವ ಯಂತ್ರ ಅಲ್ಲ. ಮೇಲೊಂದು ಕಾಯಿಲ್, ಅದರ ಮೇಲೊಂದು ಫ್ಯಾನ್. ಕಾದ ಗಾಳಿಯನ್ನು ಬುಟ್ಟಿಯೊಳಗೆ ಜೋರಾಗಿ ಸುತ್ತಿಸುತ್ತದೆ. ಗಾಳಿ ಮುಟ್ಟಿದ ಕಡೆಯೆಲ್ಲ ನೀರು ಆರುತ್ತದೆ. ಕಬಾಬಿನ ಹೊರಗಿನ ಪದರಕ್ಕೆ ಅದೇ ಬೇಕು, ಒಳಗಿನ ಮಾಂಸಕ್ಕೆ ಅದು ಬೇಡ. ಮಾಂಸ ಆಗಲೇ ಒಂದು ಸಲ ಬೆಂದಿದೆ, ಇರುವ ರಸದಲ್ಲಿ ಒಂದಷ್ಟು ಕಳೆದುಕೊಂಡಿದೆ. ನಾವೀಗ ಬೇಯಿಸುತ್ತಿಲ್ಲ, ಬಿಸಿ ಮಾಡುತ್ತಿದ್ದೇವೆ ಅಷ್ಟೇ. ಇದು ತಲೆಗೆ ಹೋಗಲು ನನಗೆ ಎರಡು ತಿಂಗಳು ಹಿಡಿಯಿತು.

ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಈ ಕೆಲಸದ ಅರ್ಧ ಭಾಗ ಹಿಂದಿನ ರಾತ್ರಿಯೇ ಮುಗಿದಿರಬೇಕು. ಬೆಂದ ಕೋಳಿ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಒಂಬತ್ತಕ್ಕೆ ಕರಿದದ್ದು ಹನ್ನೊಂದರೊಳಗೆ ಫ್ರಿಡ್ಜ್‌ನಲ್ಲಿರಬೇಕು. ‘ನಮ್ಮದು ಮಲೆನಾಡು, ಚಳಿ, ಏನೂ ಆಗಲ್ಲ’ ಅಂತ ನಮ್ಮತ್ತೆ ಪಾತ್ರೆ ಮುಚ್ಚಿ ಕಟ್ಟೆ ಮೇಲೇ ಇಡುತ್ತಿದ್ದರು. ಆದರೆ 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಕ್ರಿಮಿ ಚೆನ್ನಾಗಿ ಬೆಳೆಯುತ್ತದೆ. ನಮ್ಮ ಚಳಿ ಎಷ್ಟೇ ಇದ್ದರೂ 5 ಡಿಗ್ರಿಗೆ ಇಳಿಯುವುದಿಲ್ಲ, ಅಲ್ವಾ? ಕೆಲವು ಕ್ರಿಮಿ ಬಿಟ್ಟು ಹೋಗುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಬೆಂಕಿ ಪಕ್ಕ ಟೇಬಲ್ ಮೇಲೆ ಮಧ್ಯರಾತ್ರಿವರೆಗೆ ಬಿದ್ದಿದ್ದನ್ನು, ಅವರಿವರು ಕೈ ಹಾಕಿದ್ದನ್ನು ನಾನು ಎತ್ತಿಡುವುದೇ ಇಲ್ಲ. ಪಾತ್ರೆಯಲ್ಲೇ ಉಳಿದದ್ದು ಮಾತ್ರ ಫ್ರಿಡ್ಜ್‌ಗೆ ಹೋಗುತ್ತದೆ. ಚೆಲ್ಲುವುದನ್ನು ನಾಯಿಗೆ ಹಾಕೋಣ ಅನಿಸಬಹುದು. ಬೇಡ. ಬೆಂದ ಕೋಳಿ ಮೂಳೆ ಚೂರಿಯಂತೆ ಸೀಳುತ್ತದೆ, ನಾಯಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಡಬ್ಬಿ ಅಗಲವಾಗಿರಲಿ, ಆಳ ಬೇಡ. ತೆಳ್ಳಗೆ ಹರಡಿದರೆ ಬೇಗ ತಣ್ಣಗಾಗುತ್ತದೆ. ಕಬಾಬ್ ಕೆಳಗೆ ಒಂದು ಟಿಶ್ಯೂ ಪೇಪರ್ ಹಾಸಿ. ಹಬೆ ಆಡುವಾಗಲೇ ಮುಚ್ಚಳ ಬಿಗಿದರೆ ಮುಚ್ಚಳಕ್ಕೆ ಕೂತ ನೀರು ಮತ್ತೆ ಕಬಾಬ್ ಮೇಲೇ ತೊಟ್ಟಿಕ್ಕುತ್ತದೆ. ಹಬೆ ಹೋದ ಮೇಲೆ ಬಿಗಿಯಾಗಿ ಮುಚ್ಚಿ. ತಂಗಳು ಕೋಳಿಗೆ ಒಂಥರಾ ವಾಸನೆ ಬರುತ್ತದಲ್ಲ, ಅದು ಕೊಬ್ಬಿಗೆ ಗಾಳಿ ತಾಗಿ ಬರುವುದು. ಡಬ್ಬಿಯಲ್ಲಿ ಗಾಳಿ ಕಡಿಮೆ ಇದ್ದಷ್ಟೂ ವಾಸನೆ ಕಡಿಮೆ. ಮೆಣಸು, ಲವಂಗ ಜಾಸ್ತಿ ಬಿದ್ದ ಮಸಾಲೆಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ.

ಫ್ರಿಡ್ಜ್‌ನಲ್ಲಿ ಮೂರು ದಿನ ನನ್ನ ಲೆಕ್ಕ, ನಾಲ್ಕನೇ ದಿನ ಕಡೆ. ಆದರೆ ನಮ್ಮ ಕಡೆ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬಾಗಿಲು ತೆಗೆಯದೆ ಇಟ್ಟರೆ ಫ್ರಿಡ್ಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೆ ಬೆಳಗ್ಗೆ ಮೂಸಿ ನೋಡುವ ಕೆಲಸ ಇಟ್ಟುಕೊಳ್ಳಬೇಡಿ, ಎಸೆದುಬಿಡಿ. ಕೆಟ್ಟದ್ದೆಲ್ಲ ವಾಸನೆ ಬರಬೇಕು ಅಂತೇನಿಲ್ಲ.

ಕರೆಂಟಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ನನ್ನದು 1500 ವಾಟ್‌ನದು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಆರೂವರೆ ಆಂಪ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ ಪಾಯಿಂಟ್ ಇರುವುದೇ 6 ಆಂಪ್‌ಗೆ. ನಾನು ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಚುಚ್ಚಿದ್ದೆ. ಐದೇ ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಗೀಸರ್‌ಗೆ ಇರುವ 16 ಆಂಪ್‌ನ ದೊಡ್ಡ ಪಾಯಿಂಟೇ ಬೇಕು. ಯುಪಿಎಸ್ ಮೇಲೆ ಹಾಕುವ ಆಸೆ ಬಿಡಿ. ಮನೆಯ ಸಾಮಾನ್ಯ ಯುಪಿಎಸ್ ಇದನ್ನು ತಡೆಯುವುದಿಲ್ಲ.

ಇನ್ನು ಕಬಾಬ್. ಬೇಕಾದಷ್ಟನ್ನು ಮಾತ್ರ ಡಬ್ಬಿಯಿಂದ ತೆಗೆಯಿರಿ, ಒಂದು ಸಲ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಡ್ಜ್‌ಗೆ ತಳ್ಳುವುದು ಬೇಡ. ತೆಗೆದು ಹತ್ತು ನಿಮಿಷ ಹೊರಗಿಡಿ, ಮಧ್ಯದ ಚಳಿ ಬಿಡಲಿ. ಅಷ್ಟರಲ್ಲಿ ಖಾಲಿ ಬುಟ್ಟಿಯನ್ನು 180 ಡಿಗ್ರಿಗೆ ಮೂರು ನಿಮಿಷ ಕಾಯಿಸಿ. ಕಬಾಬ್ ಮೇಲಿನ ಕರಿಬೇವು, ಈರುಳ್ಳಿ, ನಿಂಬೆ ಹೋಳು ಎಲ್ಲ ಆರಿಸಿ ತೆಗೆಯಿರಿ. ಕರಿಬೇವು ಒಂದೂ ಬಿಡಬೇಡಿ. ಒಮ್ಮೆ ನಾನು ಅಂದಕ್ಕಿರಲಿ ಅಂತ ಬಿಟ್ಟಿದ್ದೆ. ಫ್ಯಾನಿನ ಗಾಳಿಗೆ ಎಲೆ ಎದ್ದು ಮೇಲಿನ ಕಾಯಿಲ್‌ಗೆ ಅಂಟಿಕೊಂಡಿತು. ಹೊಗೆ, ಕಮಟು. ಮಾರನೆಯ ದಿನ ಕೇಕ್ ಬಿಸಿ ಮಾಡಿದರೂ ಕರಿಬೇವಿನ ವಾಸನೆ. ಬುಟ್ಟಿಗೆ ಹಾಸುವ ಪೇಪರ್ ಕೂಡ ಹೀಗೇ ಹಾರುತ್ತದೆ, ಮೇಲೆ ಭಾರ ಇಲ್ಲದೆ ಅದನ್ನು ಹಾಕಬೇಡಿ.

ತುಂಡುಗಳನ್ನು ಒಂದೇ ಪದರವಾಗಿ ಜೋಡಿಸಿ. ಒಂದಕ್ಕೊಂದು ತಾಗದಂತೆ ಸ್ವಲ್ಪ ಜಾಗ ಇರಲಿ. ಅರ್ಧ ಕೆಜಿಯನ್ನು ಒಟ್ಟಿಗೇ ಸುರಿದರೆ ಮೇಲಿನದು ಸೀದು ಕೆಳಗಿನದು ಮೆತ್ತಗೇ ಇರುತ್ತದೆ. ಎರಡು ಸಲ ಮಾಡಿ, ಅವಸರವೇನು? ಎಣ್ಣೆ ಹಚ್ಚಬೇಡಿ, ಕರಿದಾಗ ಕುಡಿದದ್ದೇ ಸಾಕು. 180 ಡಿಗ್ರಿಯಲ್ಲಿ ಎರಡೂವರೆ ನಿಮಿಷ ಆದ ಮೇಲೆ ಬುಟ್ಟಿ ಎಳೆದು ಒಂದು ಸಲ ಕುಲುಕಿ, ಮತ್ತೆ ಎರಡು ನಿಮಿಷ. ಮೂಳೆ ಇರುವ ತುಂಡಿಗೆ ಇನ್ನೊಂದು ನಿಮಿಷ ಸೇರಿಸಿ. ಮೊದಲು ತಣ್ಣಗಿನ ಎಣ್ಣೆ ಕರಗಿ ಮೇಲ್ಮೈ ಮಿನುಗುತ್ತದೆ, ಸ್ವಲ್ಪ ಹೊತ್ತಿಗೆ ಅಲ್ಲಲ್ಲಿ ಚಿಕ್ಕ ಗುಳ್ಳೆ ಏಳುತ್ತದೆ, ಆಮೇಲೆ ಚಿಟಿಚಿಟಿ ಸದ್ದು. ಆ ಸದ್ದು ನಿಲ್ಲುವ ಮುಂಚೆ ತೆಗೆದುಬಿಡಿ. ನಿಂತಿತು ಅಂದರೆ ಒಳಗಿನ ರಸವೂ ಹೊರಟುಹೋಯಿತು ಅಂತ ಅರ್ಥ. ತಟ್ಟೆಗೆ ಹಾಕಿದ ಕೂಡಲೇ ತಿನ್ನಿ. ನಮ್ಮ ಮಳೆಗಾಲದ ಗಾಳಿಯಲ್ಲಿ ಗರಿಗರಿ ಅನ್ನುವುದು ಹತ್ತು ನಿಮಿಷದ ಮಾತು.

ಲೆಗ್ ಪೀಸ್‌ಗೆ ಇದೇ ಲೆಕ್ಕ ಹಿಡಿದರೆ ಕೆಡುತ್ತದೆ. ಅದು ದಪ್ಪ. ಹೊರಗೆ ಸೀದರೂ ಮೂಳೆ ಪಕ್ಕ ಫ್ರಿಡ್ಜ್‌ನ ತಣ್ಣಗೆ ಹಾಗೇ ಇರುತ್ತದೆ. ಅದಕ್ಕೆ ಮೊದಲು ಕಡಿಮೆ ಬಿಸಿ, ಮುಚ್ಚಿ. ಕೊನೆಗೆ ಜಾಸ್ತಿ ಬಿಸಿ, ತೆರೆದು. ಮುಚ್ಚಲು ಎಲ್ಲರೂ ಫಾಯಿಲ್ ಹೇಳುತ್ತಾರೆ. ನಾನು ಸುಡುವ ಕೋಳಿಗೆ ಮೊಸರು, ನಿಂಬೆಹಣ್ಣು ಧಾರಾಳವಾಗಿ ಹಾಕುತ್ತೇನೆ. ಹುಳಿಗೆ ಅಲ್ಯೂಮಿನಿಯಂ ಫಾಯಿಲ್ ಆಗಿಬರುವುದಿಲ್ಲ, ತೂತು ಬೀಳುತ್ತದೆ, ರುಚಿಯೂ ಕೆಡುತ್ತದೆ. ಹಿತ್ತಲಲ್ಲಿ ಬಾಳೆ ಇರುವಾಗ ಫಾಯಿಲ್ ಯಾಕೆ ಬೇಕು? ಎಲೆಯನ್ನು ಗ್ಯಾಸ್ ಉರಿ ಮೇಲೆ ಹಿಡಿದು ಬಾಡಿಸಿ. ಲೆಗ್ ಪೀಸ್ ಮೇಲೆ ಎರಡು ಚಮಚ ನೀರು ಚಿಮುಕಿಸಿ ಎಲೆಯಲ್ಲಿ ಸುತ್ತಿ. ಮಡಿಕೆ ಕೆಳಗೆ ಬರುವ ಹಾಗೆ ಬುಟ್ಟಿಯಲ್ಲಿಡಿ, ಪೀಸಿನ ಭಾರಕ್ಕೆ ಎಲೆ ಹಾರುವುದಿಲ್ಲ. 160 ಡಿಗ್ರಿ, ಎಂಟು ನಿಮಿಷ. ಆಮೇಲೆ ಎಲೆ ಬಿಚ್ಚಿ ಹೊರಗೆ ತೆಗೆದು, ಪೀಸ್ ಮಾತ್ರ 200 ಡಿಗ್ರಿಯಲ್ಲಿ ಎರಡು ನಿಮಿಷ. ಬಿಚ್ಚುವಾಗ ಹಬೆ ಮುಖಕ್ಕೆ ಹೊಡೆಯುತ್ತದೆ, ಜೋಪಾನ. ಬಾಳೆ ಎಲೆಯ ಕಂಪು ಮಾಂಸಕ್ಕೆ ಸ್ವಲ್ಪ ಇಳಿದಿರುತ್ತದೆ. ನನ್ನನ್ನು ಕೇಳಿದರೆ ಹಿಂದಿನ ರಾತ್ರಿಗಿಂತ ಇದೇ ರುಚಿ.

ಒಳಗೆ ಬಿಸಿಯಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ ಅತ್ಯಂತ ದಪ್ಪ ಜಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿ. 74 ಡಿಗ್ರಿ ತೋರಿಸಬೇಕು. ಅದಿಲ್ಲದ ಕಾಲದಲ್ಲಿ ನಾನು ಒಂದು ಪೀಸನ್ನು ಮೂಳೆವರೆಗೆ ಸೀಳಿ ನೋಡುತ್ತಿದ್ದೆ. ಒಳಗಿನಿಂದ ಹಬೆ ಏಳಬೇಕು, ಬೆರಳಿಟ್ಟರೆ ತಟ್ಟನೆ ಹಿಂದಕ್ಕೆ ಎಳೆದುಕೊಳ್ಳುವಂತಿರಬೇಕು. ಬೆಚ್ಚಗಿದ್ದರೆ ಸಾಲದು. ಸೀಳಿದಾಗ ಮೂಳೆ ಪಕ್ಕ ಕೆಂಪು, ಕಂದು ಬಣ್ಣ ಕಂಡರೆ ಹೆದರಬೇಡಿ. ಫಾರಂ ಕೋಳಿ ಎಳೆಯದು, ಅದರ ಮೂಳೆಯೊಳಗಿನ ಬಣ್ಣ ಹೊರಗೆ ಇಳಿಯುತ್ತದೆ. ‘ಆಂಟಿ, ಇದು ಬೆಂದೇ ಇಲ್ಲ’ ಅಂತ ಎಷ್ಟು ಜನ ತಟ್ಟೆ ತಂದು ತೋರಿಸಿದ್ದಾರೋ. ಬೆಂದಿತ್ತು.

ಪೆಪ್ಪರ್ ಡ್ರೈ ತರಹದ್ದನ್ನು ನೇರ ಬುಟ್ಟಿಗೆ ಸುರಿದರೆ ಮಸಾಲೆಯೆಲ್ಲ ಜಾಲರಿಯ ತೂತಿನಿಂದ ಕೆಳಗೆ ಬಿದ್ದು ಸೀಯುತ್ತದೆ. ಸಣ್ಣ ಸ್ಟೀಲ್ ತಟ್ಟೆಗೆ ಹಾಕಿ ಬುಟ್ಟಿಯಲ್ಲಿಡಿ. ತಟ್ಟೆಯ ಸುತ್ತ ಒಂದು ಬೆರಳಿನಷ್ಟು ಜಾಗ ಗಾಳಿಗೆ ಬೇಕು. ಒಂದು ಚಮಚ ನೀರು ಚಿಮುಕಿಸಿ 160 ಡಿಗ್ರಿಯಲ್ಲಿ ಆರು ನಿಮಿಷ, ನಡುವೆ ಒಮ್ಮೆ ಕೈಯಾಡಿಸಿ. ಕಾಯಿತುರಿ ಹಾಕಿದ್ದರೆ ಕಣ್ಣು ಅಲ್ಲೇ ಇರಲಿ, ಕಾಯಿ ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ತಟ್ಟೆ ತೆಗೆಯಲು ಇಕ್ಕಳ.

ಕೋಳಿ ಸಾರನ್ನು ದಯವಿಟ್ಟು ಇದರ ಹತ್ತಿರ ತರಬೇಡಿ. ಅದು ಒಲೆ ಮೇಲೆ ಕುದಿಯಬೇಕು, ಪಕ್ಕದಲ್ಲಿ ಕಡುಬು ಬೇಯಬೇಕು. ನಾಟಿ ಕೋಳಿಯೂ ಅಷ್ಟೇ, ಸಾರಿನಲ್ಲೇ ಇರಲಿ. ಅದರ ಮಾಂಸ ಮೊದಲೇ ಗಟ್ಟಿ, ಮೇಲೆ ಈ ಒಣ ಗಾಳಿ ಬೇರೆ. ಬಿರಿಯಾನಿ ಇಟ್ಟರೆ ಮೇಲಿನ ಅನ್ನ ಕಲ್ಲಾಗುತ್ತದೆ. ಫ್ರೀಜರ್‌ನಲ್ಲಿಟ್ಟ ಕೋಳಿಯಾದರೆ ಹಿಂದಿನ ರಾತ್ರಿಯೇ ಕೆಳಗಿನ ಫ್ರಿಡ್ಜ್‌ಗೆ ಇಳಿಸಿ, ಪೂರ್ತಿ ಕರಗಿದ ಮೇಲೆ ಮೇಲಿನ ಲೆಕ್ಕ ಹಿಡಿಯಿರಿ.

ನಾನು ಬರೆದ ನಿಮಿಷಗಳು ನನ್ನ ನಾಲ್ಕು ಲೀಟರಿನ ಯಂತ್ರದವು. ನಿಮ್ಮದು ಚಿಕ್ಕದಿದ್ದರೆ ಕಾಯಿಲ್ ಕೋಳಿಗೆ ಹತ್ತಿರ ಇರುತ್ತದೆ, ಬೇಗ ಕೆಂಪಾಗುತ್ತದೆ. ಮೊದಲ ಸಲ ಒಂದು ನಿಮಿಷ ಕಡಿಮೆ ಇಟ್ಟು ನೋಡಿ. ಬೇಕಾದರೆ ಸೇರಿಸಬಹುದು, ಆದದ್ದನ್ನು ವಾಪಸ್ ತರಲಾಗುವುದಿಲ್ಲ.

ಮುಗಿದ ಮೇಲೆ ಪ್ಲಗ್ ಕಿತ್ತು ಬುಟ್ಟಿ ಆರಲು ಬಿಡಿ. ಆರಿದ ಮೇಲೆ ಬಿಸಿನೀರು, ಸೋಪು ಹಾಕಿ ಕಾಲು ಗಂಟೆ ನೆನೆಸಿದರೆ ಜಿಡ್ಡು ತಾನೇ ಬಿಡುತ್ತದೆ. ಮೆತ್ತನೆಯ ಸ್ಪಂಜು ಸಾಕು. ನಮ್ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕ ಮೊದಲ ವಾರವೇ ಸ್ಟೀಲ್ ನಾರು ಹಿಡಿದು, ತಳದ ಕಪ್ಪು ಕೋಟಿಂಗ್ ಅನ್ನು ಕರಿ ಹಿಡಿದಿದೆ ಅಂದುಕೊಂಡು ಉಜ್ಜಿದ್ದರು. ‘ಎಷ್ಟು ಉಜ್ಜಿದರೂ ಹೋಗ್ತಾನೇ ಇಲ್ಲ ಕಣ್ರೀ’ ಅಂತ ಬೇಜಾರು ಬೇರೆ. ಒಂದು ಮೂಲೆಯಲ್ಲಿ ಹೋಗಿಯೇ ಬಿಟ್ಟಿತ್ತು. ಹೊಸ ಬುಟ್ಟಿ ತರಿಸಬೇಕಾಯಿತು.