ಟ್ರ್ಯಾಕ್ ದಿನಕ್ಕೆ ಬ್ರೇಕ್ ತಯಾರಿ: ದೊಡ್ಡ ಕ್ಯಾಲಿಪರ್ ಕೊಳ್ಳುವ ಮೊದಲು

ಟ್ರ್ಯಾಕ್‌ನಲ್ಲಿ ಸ್ವಂತ ಕಾರನ್ನು ಜೋರಾಗಿ ಓಡಿಸುವ ದಿನ ಬ್ರೇಕ್ ಕೈಕೊಡುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಯಾವುದು ಎಂಬುದು ಕಾಲಿಗೇ ಗೊತ್ತಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಕಾರಿನ ವೇಗ ಇಳಿಯುತ್ತಿಲ್ಲವೆಂದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ಅನ್ನು ಒತ್ತಿ ಹಿಡಿಯುವ ಪ್ಯಾಡ್ ತನ್ನ ಬಿಸಿಯ ಮಿತಿ ದಾಟಿದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿಯುತ್ತಿದ್ದರೆ, ಪ್ಯಾಡ್ ಅನ್ನು ಪಿಸ್ಟನ್‌ಗಳಿಂದ ತಳ್ಳುವ ಕ್ಯಾಲಿಪರ್‌ನೊಳಗೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಒತ್ತಡ ಬಿದ್ದಾಗ ಆಯಿಲ್ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಇವೆರಡಕ್ಕೂ ಸೇರದ ಇನ್ನೊಂದಿದೆ: ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿ ಇಳಿದ ಮೇಲೆ ಮೊದಲ ಸಲ ಪೆಡಲ್ ಉದ್ದ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ಸರಿಯಾಗುತ್ತದೆ, ಬ್ರೇಕ್ ತಣ್ಣಗಿದ್ದಾಗಲೂ ಹಾಗೆಯೇ. ಅದು ಬಿಸಿಯ ತೊಂದರೆಯಲ್ಲ. ಡಿಸ್ಕ್ ಅಲುಗಾಡಿ ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳಿದೆ. ವೀಲ್ ಬೇರಿಂಗ್‌ನಲ್ಲಿ ಪ್ಲೇ (ಸಡಿಲ) ಇದೆಯೇ ನೋಡಬೇಕು. ಈ ಮೂರನ್ನು ಬೇರೆ ಮಾಡಿಕೊಳ್ಳದೆ ದುಡ್ಡು ಸುರಿದರೆ ಬೇಡದ ಭಾಗವೇ ಮನೆಗೆ ಬರುತ್ತದೆ.

ಬಿಸಿ ಎಷ್ಟು ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ. 1,500 ಕಿಲೋ ತೂಕದ ಕಾರು ಗಂಟೆಗೆ 200 ಕಿ.ಮೀ.ನಿಂದ 80ಕ್ಕೆ ಇಳಿದರೆ ಸುಮಾರು 19 ಲಕ್ಷ ಜೂಲ್ ಶಕ್ತಿ ಬಿಸಿಯಾಗಿ ಹೊರಬರಬೇಕು. ಅದರಲ್ಲಿ 70 ಶೇಕಡಾ ಮುಂದಿನ ಬ್ರೇಕ್‌ಗಳ ಪಾಲಿಗೆ ಬಂತು ಎಂದುಕೊಂಡರೆ, 9 ಕಿಲೋದ ಒಂದೊಂದು ಎರಕದ ಡಿಸ್ಕ್ ಆ ಒಂದೇ ಬ್ರೇಕಿಂಗ್‌ನಲ್ಲಿ ಸುಮಾರು 150 ಡಿಗ್ರಿ ಏರುತ್ತದೆ. ಮುಂದಿನ ತಿರುವು ಬರುವಷ್ಟರಲ್ಲಿ ಅದು ಅಷ್ಟೇ ಇಳಿಯದಿದ್ದರೆ ಲ್ಯಾಪ್‌ನಿಂದ ಲ್ಯಾಪ್‌ಗೆ ಬಿಸಿ ಪೇರುತ್ತಾ ಹೋಗುತ್ತದೆ.

ಊಹೆಯ ಬದಲು ನಾನು ಬಳಸುವುದು ಥರ್ಮಲ್ ಪೇಂಟ್. ಡಿಸ್ಕ್‌ನ ಹೊರ ಅಂಚಿನಲ್ಲಿ ಮೂರು ಬಣ್ಣದ ಪಟ್ಟಿ ಬಳಿಯುತ್ತೇನೆ: ಹಸಿರು ಸುಮಾರು 430, ಕಿತ್ತಳೆ 560, ಕೆಂಪು 610 ಡಿಗ್ರಿಯಲ್ಲಿ ಬಣ್ಣ ಬದಲಿಸುತ್ತವೆ. ಕ್ಯಾಲಿಪರ್ ಮೇಲೆ ಬಿಸಿಗೆ ಕಪ್ಪಾಗುವ ಸ್ಟಿಕ್ಕರ್ ಅಂಟಿಸುತ್ತೇನೆ. ಒಮ್ಮೆ ಕಪ್ಪಾದ ಚೌಕ ಮತ್ತೆ ಬೆಳ್ಳಗಾಗುವುದಿಲ್ಲ, ಹಾಗಾಗಿ ಅತಿ ಹೆಚ್ಚಿನ ಉಷ್ಣತೆ ಅಲ್ಲೇ ದಾಖಲಾಗಿರುತ್ತದೆ. ಪಿಟ್‌ಗೆ ಬಂದ ಮೇಲೆ ಇನ್‌ಫ್ರಾರೆಡ್ ಗನ್ ಹಿಡಿಯುವವರೇ ಹೆಚ್ಚು. ಅಷ್ಟರಲ್ಲಿ ಡಿಸ್ಕ್ ಆರಿರುತ್ತದೆ, ಮೇಲಾಗಿ ಹೊಳೆಯುವ ಲೋಹದ ಮೇಲೆ ಗನ್ ಕಡಿಮೆಯನ್ನೇ ತೋರಿಸುತ್ತದೆ. ಎಡ ಬಲ ಹೋಲಿಸಿ ಯಾವ ಕ್ಯಾಲಿಪರ್ ಹಿಡಿದುಕೊಂಡಿದೆ ಎಂದು ತಿಳಿಯಲು ಮಾತ್ರ ಅದು ಸಾಕು.

ಮೊದಲ ಖರ್ಚು ಆಯಿಲ್‌ಗೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ, ಗಾಳಿಯ ತೇವ ಹೀರಿ 3.7 ಶೇಕಡಾ ನೀರು ಸೇರಿದ ಮೇಲೆ 155. ಡಾಟ್ 5.1ಕ್ಕೆ ಇದೇ ಅಂಕಿಗಳು 260 ಮತ್ತು 180. ರೇಸಿಂಗ್ ಆಯಿಲ್‌ಗಳಲ್ಲಿ ಮೋಟುಲ್ ಆರ್‌ಬಿಎಫ್ 660 ಹೊಸದರಲ್ಲಿ 325ರವರೆಗೆ ತಡೆಯುತ್ತದೆ, ನೀರು ಹೀರಿದ ಮೇಲೆ 200ರ ಆಸುಪಾಸು. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ಹೊಸದರಲ್ಲಿ 320, ನೀರು ಹೀರಿದ ಮೇಲೂ 270ರ ಸುಮಾರು. ಪದೇ ಪದೇ ಆಯಿಲ್ ಬದಲಿಸುವವರಿಗೆ ಮೊದಲನೆಯದು ಸಾಕು. ಇಡೀ ಸೀಸನ್ ಒಂದೇ ತುಂಬುವಿಕೆಯಲ್ಲಿ ತೆಗೆಯುವವರು ಎರಡನೆಯದಕ್ಕೆ ದುಡ್ಡು ಕೊಡಬಹುದು. ಡಾಟ್ 5 ಎಂದಷ್ಟೇ ಬರೆದ ಸಿಲಿಕೋನ್ ಆಯಿಲ್ ಮಾತ್ರ ಬೇಡವೇ ಬೇಡ. ಅದು ಉಳಿದವುಗಳ ಜೊತೆ ಬೆರೆಯುವುದಿಲ್ಲ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೂ ಹೊಂದುವುದಿಲ್ಲ.

ಪೂರ್ತಿ ಬದಲಿಸಲು ಸಾಮಾನ್ಯವಾಗಿ ಒಂದು ಲೀಟರ್ ಬೇಕು. ರಿಸರ್ವಾಯರ್‌ನ ಹಳೆಯ ಆಯಿಲ್ ಸಿರಿಂಜ್‌ನಿಂದ ಎಳೆದು ಹೊಸದು ತುಂಬಿ, ಕಾರಿನ ಮ್ಯಾನ್ಯುಯಲ್ ಹೇಳುವ ಕ್ರಮದಲ್ಲಿ ಒಂದೊಂದೇ ಚಕ್ರ ಬ್ಲೀಡ್ ಮಾಡುತ್ತೇನೆ, ಅಂದರೆ ಹಳೆಯ ಆಯಿಲ್ಲನ್ನೂ ಗುಳ್ಳೆಗಳನ್ನೂ ಹೊರಬಿಡುತ್ತೇನೆ. ಡಿಸ್ಕ್‌ನ ಎರಡೂ ಬದಿ ಪಿಸ್ಟನ್ ಇರುವ ಫಿಕ್ಸೆಡ್ ಕ್ಯಾಲಿಪರ್‌ನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್ ಒಳಗೊಂದು ಹೊರಗೊಂದು ಇರುತ್ತದೆ. ಒಳಗಿನದನ್ನು ಮರೆತರೆ ಆ ಅರ್ಧದಲ್ಲಿ ಹಳೆಯದೇ ಉಳಿಯುತ್ತದೆ. ಬ್ಲೀಡ್ ಮಾಡುವಾಗ ಪೆಡಲ್ ಅನ್ನು ನೆಲಕ್ಕೆ ತಾಗುವವರೆಗೆ ತುಳಿಯಬೇಡಿ, ಅಡಿಗೆ ಒಂದು ಮರದ ತುಂಡು ಇಟ್ಟುಕೊಳ್ಳಿ. ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲಿ ಸೀಲ್ ಎಂದೂ ಓಡಾಡದ ಜಾಗಕ್ಕೆ ಹೋದರೆ ಅಲ್ಲಿನ ತುಕ್ಕು ಅದನ್ನು ಗೀರುತ್ತದೆ. ಒಮ್ಮೆ ಕುದಿಸಿದ ಆಯಿಲ್ ಆರಿದ ಮೇಲೆ ಪೆಡಲ್ ಸರಿ ಅನ್ನಿಸಿದರೂ ನಂಬುವಂತಿಲ್ಲ. ಪ್ರತಿ ಟ್ರ್ಯಾಕ್ ದಿನಕ್ಕೆ ಮೊದಲು ಪ್ರತಿ ಕ್ಯಾಲಿಪರ್‌ನಿಂದ 50 ಮಿ.ಲೀ. ಹೊರಬಿಡುವುದು ನನ್ನ ರೂಢಿ, ಏಕೆಂದರೆ ಬೆಂದಿರುವುದು ಅಲ್ಲಿನ ಆಯಿಲ್ಲೇ.

ಎರಡನೆಯದು ಪ್ಯಾಡ್. ರಸ್ತೆಯ ಪ್ಯಾಡ್‌ಗಳು 400 ಡಿಗ್ರಿಯ ಆಸುಪಾಸಿನಲ್ಲಿ ಹಿಡಿತ ಬಿಡತೊಡಗುತ್ತವೆ. ಪೇಂಟ್‌ನ ಹಸಿರು ಬದಲಾಗಿದ್ದರೆ ಅವುಗಳ ಕಾಲ ಮುಗಿಯಿತು. ಟ್ರ್ಯಾಕ್ ಪ್ಯಾಡ್ 600 ದಾಟಿದರೂ ಹಿಡಿಯುತ್ತದೆ, ಆದರೆ ತಣ್ಣಗಿದ್ದಾಗ ಕೀರಲು ಸದ್ದು, ಕಪ್ಪು ಪುಡಿ, ಬೆಳಗಿನ ಮೊದಲ ಸಿಗ್ನಲ್‌ನಲ್ಲಿ ಎದೆ ಧಸಕ್ಕೆನ್ನಿಸುವಷ್ಟು ಕಡಿಮೆ ಹಿಡಿತ. ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಪ್ಯಾಡ್ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಪ್ಯಾಡ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಬೇರೆ ಜಾತಿಯ ಪ್ಯಾಡ್ ಹಾಕುವಾಗ ಡಿಸ್ಕ್ ಮೇಲೆ ಹಳೆಯ ಪ್ಯಾಡ್ ಬಿಟ್ಟ ಪದರವನ್ನು 120 ನಂಬರ್ ಎಮರಿ ಪೇಪರ್‌ನಿಂದ ಉಜ್ಜಿ ತೆಗೆಯಬೇಕು.

ಪ್ಯಾಡ್ ಎಷ್ಟು ಉಳಿದಿದೆ ಎಂಬುದೂ ಬಿಸಿಯ ವಿಷಯವೇ. ದಪ್ಪ ಪ್ಯಾಡ್ ಪಿಸ್ಟನ್‌ಗೆ ಬಿಸಿ ತಾಗದಂತೆ ಅಡ್ಡ ನಿಲ್ಲುತ್ತದೆ, ಸವೆದ ಪ್ಯಾಡ್ ಬಿಡುತ್ತದೆ. ರಸ್ತೆಯಲ್ಲಿ 3 ಮಿ.ಮೀ.ವರೆಗೆ ಓಡಿಸುವವರೂ ಟ್ರ್ಯಾಕ್‌ಗೆ ಅರ್ಧ ದಪ್ಪ ಉಳಿದಿರುವಾಗಲೇ ಬದಲಿಸಬೇಕು. ಹೊಸ ಪ್ಯಾಡ್ ಹಾಕಿದ ಕೂಡಲೇ ಜೋರಾಗಿ ಹೋದರೆ ಅದರೊಳಗಿನ ಅಂಟು ಅನಿಲವಾಗಿ ಹೊರಬಂದು ಪ್ಯಾಡ್‌ಗೂ ಡಿಸ್ಕ್‌ಗೂ ನಡುವೆ ನಿಲ್ಲುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಬ್ರೇಕ್ ಮಾತ್ರ ಇಲ್ಲ. ಅದಕ್ಕೇ ಖಾಲಿ ಜಾಗದಲ್ಲಿ 100ರಿಂದ 20 ಕಿ.ಮೀ.ಗೆ ಎಂಟು ಹತ್ತು ಸಲ, ಪ್ರತಿ ಸಲ ಸ್ವಲ್ಪ ಹೆಚ್ಚು ಬಲ ಹಾಕುತ್ತಾ ಇಳಿಸಿ, ಕೊನೆಗೆ ಎಲ್ಲೂ ನಿಲ್ಲಿಸದೆ ಓಡಿಸಿ ಆರಿಸುತ್ತೇನೆ.

ಇಷ್ಟಾದ ಮೇಲೂ ಕೆಂಪು ಪೇಂಟ್ ಬದಲಾಗುತ್ತಿದ್ದರೆ ಗಾಳಿ ಬೇಕು. ಬಂಪರ್‌ನ ಮುಂಭಾಗದಲ್ಲಿ, ಗಾಳಿ ನೇರವಾಗಿ ಬಡಿಯುವ ಕಡೆ ಬಾಯಿ ತೆರೆದು, ತಂತಿ ಸುತ್ತಿದ 75 ಮಿ.ಮೀ. ಸಿಲಿಕೋನ್ ಹೋಸ್ ಎಳೆಯುತ್ತೇನೆ. ಹೋಸ್‌ನ ಇನ್ನೊಂದು ತುದಿ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಎಲ್ಲ ಇದೆ. ಎರಡು ಮೈಗಳ ನಡುವೆ ಗಾಳಿಯ ಸಂದುಗಳಿರುವ ವೆಂಟಿಲೇಟೆಡ್ ಡಿಸ್ಕ್ ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುವ ಪಂಪ್. ಹಾಗಾಗಿ ಗಾಳಿ ಹಬ್‌ನ ಹತ್ತಿರ, ಡಿಸ್ಕ್‌ನ ಕಣ್ಣಿಗೆ ಹೋಗಬೇಕು. ಒಳಮುಖಕ್ಕೆ ಮಾತ್ರ ಊದಿದರೆ ಒಂದು ಮೈ ಆರಿ ಇನ್ನೊಂದು ಮೈ ಬಿಸಿಯಾಗಿಯೇ ಉಳಿದು ಡಿಸ್ಕ್ ಬೇಗ ಬಿರುಕು ಬಿಡುತ್ತದೆ. ಡಸ್ಟ್ ಶೀಲ್ಡ್ ಕಿತ್ತು ಅದೇ ಬೋಲ್ಟ್‌ಗಳಿಗೆ ಕೂರುವ ಅಲ್ಯೂಮಿನಿಯಂ ತಟ್ಟೆ ಮಾಡಿಸಿ ಹೋಸ್‌ಗೆ ಜೋಡಿಸಿದರೆ ಇದು ಸರಿಯಾಗುತ್ತದೆ. ಶೀಲ್ಡ್ ಕಿತ್ತು ಸುಮ್ಮನೆ ಬಿಟ್ಟರೆ ಬಾಲ್ ಜಾಯಿಂಟ್‌ನ ರಬ್ಬರ್ ಬೂಟ್ ಸುಡುತ್ತದೆ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಒತ್ತಿ, ಹೋಸ್ ಟೈರಿಗೆ ಉಜ್ಜುತ್ತಿಲ್ಲವೆಂದು ನೋಡದೆ ಚಕ್ರ ಬಿಗಿಯಬೇಡಿ.

ಡಿಸ್ಕ್‌ಗಳಲ್ಲಿ ತೂತು ಕೊರೆದವು ನೋಡಲು ಚೆಂದ, ಆದರೆ ಬಿರುಕು ಶುರುವಾಗುವುದೇ ಆ ತೂತುಗಳಿಂದ. ಸಾದಾ ಅಥವಾ ಸ್ಲಾಟ್ ಇರುವುದೇ ಸಾಕು. ಮೇಲ್ಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಸಹಜ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದರೆ ಅಥವಾ ಅಂಚನ್ನು ಮುಟ್ಟಿದರೆ ಆ ಡಿಸ್ಕ್ ಗುಜರಿಗೆ. ಸ್ಟೀರಿಂಗ್ ನಡುಗಿದ ಕೂಡಲೇ ಡಿಸ್ಕ್ ಸೊಟ್ಟಗಾಗಿದೆ ಎನ್ನುತ್ತಾರೆ. ಬಹಳ ಸಲ ಅದು ಪ್ಯಾಡ್‌ನ ಪದರ ಒಂದೇ ಜಾಗದಲ್ಲಿ ದಪ್ಪಗೆ ಅಂಟಿರುವುದು, ಬಿಸಿ ಡಿಸ್ಕ್ ಮೇಲೆ ಬ್ರೇಕ್ ಒತ್ತಿ ನಿಂತದ್ದರ ಫಲ.

ದೊಡ್ಡ ಕ್ಯಾಲಿಪರ್, ದೊಡ್ಡ ಡಿಸ್ಕ್ ಕಟ್ಟಕಡೆಗೆ. ಅದರ ನಿಜವಾದ ಲಾಭ ಬಿಸಿ ಹೀರುವ ತೂಕ ಮತ್ತು ದಪ್ಪ ಪ್ಯಾಡ್. ಒಂದೇ ಬಾರಿಯ ನಿಲುಗಡೆಯ ದೂರವನ್ನು ನಿರ್ಧರಿಸುವುದು ಟೈರ್. ಮೂಲ ಬ್ರೇಕ್ ಎಬಿಎಸ್ ಕೆಲಸಕ್ಕೆ ಬರುವಷ್ಟು ಹಿಡಿಯುತ್ತಿದ್ದರೆ ದೊಡ್ಡ ಕ್ಯಾಲಿಪರ್ ಆ ದೂರವನ್ನು ಕಡಿಮೆ ಮಾಡದು. ಮುಂದೆ ಮಾತ್ರ ಪಿಸ್ಟನ್ ವಿಸ್ತೀರ್ಣ ಹೆಚ್ಚಿಸಿದರೆ ಪೆಡಲ್ ಉದ್ದವಾಗುತ್ತದೆ, ಬ್ರೇಕ್ ಬಲ ಮುಂದಕ್ಕೆ ವಾಲಿ ಹಿಂದಿನ ಟೈರ್‌ಗಳ ಕೆಲಸ ಕಡಿಮೆಯಾಗುತ್ತದೆ. ಸ್ಟೀಲ್ ಬ್ರೇಡೆಡ್ ಹೋಸ್ ಹಾಕಿಸಬಹುದು, ಪೆಡಲ್ ಸ್ವಲ್ಪ ಬಿಗಿಯಾಗುತ್ತದೆ. ಬಿಸಿಗೂ ಅದಕ್ಕೂ ಸಂಬಂಧವಿಲ್ಲ.

ಹಿಂದಿನ ಪ್ಯಾಡ್ ಮುಂದಿನದಕ್ಕಿಂತ ಬೇಗ ಸವೆಯುತ್ತಿದ್ದರೆ ಸ್ಟೆಬಿಲಿಟಿ ಕಂಟ್ರೋಲ್ ಕಡೆ ನೋಡಿ. ಅದು ನಿಮಗೆ ತಿಳಿಯದಂತೆ ಪ್ರತಿ ತಿರುವಿನಲ್ಲೂ ಹಿಂದಿನ ಬ್ರೇಕ್ ಹಿಡಿಯುತ್ತಿರಬಹುದು. ಟ್ರ್ಯಾಕ್ ಮೋಡ್ ಇದ್ದರೆ ಅದಕ್ಕೆ ಹಾಕಿ.

ಸೆಷನ್‌ನ ಕೊನೆಯ ಲ್ಯಾಪ್ ಪೂರ್ತಿ ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸುತ್ತೇನೆ. ಆಯಿಲ್‌ಗೆ ಅತಿ ಹೆಚ್ಚು ಬಿಸಿ ಏರುವುದು ಹಲವು ಸಲ ಕಾರು ನಿಂತ ಮೇಲೆ: ಗಾಳಿ ನಿಲ್ಲುತ್ತದೆ, ಡಿಸ್ಕ್‌ನ ಬಿಸಿ ಪ್ಯಾಡ್ ದಾಟಿ ಪಿಸ್ಟನ್‌ಗೆ ಇಳಿಯುತ್ತದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಬೇಕು. ಹತ್ತು ನಿಮಿಷ ಬಿಟ್ಟು ಪೆಡಲ್ ಒಮ್ಮೆ ಒತ್ತಿ ನೋಡಿ. ಮೆತ್ತಗಿದ್ದರೆ ಬ್ಲೀಡ್ ಮಾಡದೆ ಮುಂದಿನ ಸೆಷನ್‌ಗೆ ಇಳಿಯಬೇಡಿ. ಚಕ್ರ ಆರಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಪರೀಕ್ಷಿಸಿ.